ಕ್ಯಾಟಲೋನಿಯಾದ ಎಂಟು ಸೆಕೆಂಡುಗಳ ಸ್ವಾತಂತ್ರ್ಯ: ಎಡವಿದ್ದು ಬಾರ್ಸಿಲೋನಾವೋ, ಮ್ಯಾಡ್ರಿಡ್ಡೋ?

ಗ್ರಾಸಿಯಾ ಬಾಡಿಗೆದಾರ

ಕೆಲಸದ ನಿಮಿತ್ತ 2016ರಿಂದ ಮೂರು ವರ್ಷ ನಾನು ಸ್ಪೇನಿನ ಸ್ವಾಯತ್ತ ಪ್ರಾಂತ್ಯವಾದ ಕ್ಯಾಟಲೋನಿಯಾದ ರಾಜಧಾನಿ ಬಾರ್ಸಿಲೋನಾದ ಗ್ರಾಸಿಯಾ ಬಡಾವಣೆಯಲ್ಲಿದ್ದೆ. ಸ್ಪೇನಿನಿಂದ ಬೇರೆಯಾಗಬೇಕೇ ಎಂದು ಕ್ಯಾಟಲನ್ ಸರ್ಕಾರ ಜನಮತಗಣನೆಗೆ ಹೊರಟಿತ್ತು, ಮ್ಯಾಡ್ರಿಡ್ ಅದನ್ನು ತಡೆಯಲು ಹೊರಟಿತ್ತು. 2017ರ ಸೆಪ್ಟೆಂಬರ್ ಕೊನೆಯ ಆ ದಿನಗಳಲ್ಲಿ ರಾತ್ರಿ ಸರಿಯಾಗಿ ಹತ್ತು ಗಂಟೆಗೆ ನಮ್ಮ ಬೀದಿಯ ಬಾಲ್ಕನಿಗಳಿಂದ ಪಾತ್ರೆ ಬಡಿಯುವ ಸದ್ದು ಶುರುವಾಗುತ್ತಿತ್ತು. ಮೇಲಿನ ಮನೆಯ ಅಜ್ಜಿ ಒಂದೇ ಬೋಗುಣಿಯನ್ನು ದಿನವೂ ಬಡಿದು ಬಡಿದು ಅದರ ತಳ ನುಗ್ಗಾಗಿ, ಒಲೆಯ ಮೇಲೆ ನೆಟ್ಟಗೆ ಕೂರದಂತಾಗಿತ್ತು. ನೆಲಮಹಡಿಯಲ್ಲಿದ್ದ ಆಂಡಲೂಸಿಯಾ ಮೂಲದ ನಿವೃತ್ತ ಬಸ್ ಚಾಲಕರು ಅದೇ ಹೊತ್ತಿಗೆ ತಮ್ಮ ಟಿವಿಯ ಸದ್ದನ್ನು ಏರಿಸಿ, ಕಿಟಕಿಗೆ ಸ್ಪೇನಿನ ಬಾವುಟ ಇಳಿಬಿಡುತ್ತಿದ್ದರು. ನಲವತ್ತು ವರ್ಷದ ನೆರೆಹೊರೆಯವರಾದ ಅವರಿಬ್ಬರ ನಡುವೆ ಆ ತಿಂಗಳು ಮಾತು ನಿಂತುಹೋಗಿತ್ತು.

ಮತದಾನದ ದಿನವಾದ ಅಕ್ಟೋಬರ್ 1ರ ಬೆಳಗಿನ ಜಾವ ಅಜ್ಜಿಗೆ ಕೊಡೆ ಹಿಡಿದುಕೊಂಡು ನಾನೂ ಮತಗಟ್ಟೆಯಾಗಿದ್ದ ಶಾಲೆಯವರೆಗೆ ಹೋಗಿದ್ದೆ. ಮಳೆಯಲ್ಲಿ ನೂರಾರು ಜನ ಬಾಗಿಲು ಕಾಯುತ್ತಿದ್ದರು. ಸ್ಪೇನ್ ಸರ್ಕಾರ ವಾರಗಟ್ಟಲೆ ಹುಡುಕಿದರೂ ಸಿಗದಿದ್ದ ಮತಪೆಟ್ಟಿಗೆಗಳು ಅಲ್ಲಿಗೆ ಬಂದಾಗ ಯಾರೂ ಕೂಗಲಿಲ್ಲ, ಎಲ್ಲರೂ ಸುಮ್ಮನೆ ದಾರಿ ಬಿಟ್ಟರು. ಚೀನಾದಲ್ಲಿ ತಯಾರಾಗಿ, ಫ್ರಾನ್ಸಿನ ಗಡಿಯಾಚೆ ಅಡಗಿಸಿಟ್ಟು ತಂದ, ಕಪ್ಪು ಮುಚ್ಚಳದ ಬಿಳಿ ಪ್ಲಾಸ್ಟಿಕ್ ಡಬ್ಬಿಗಳವು. ನಮ್ಮಲ್ಲಾದರೆ ಅದರಲ್ಲಿ ಚಳಿಗಾಲದ ರಗ್ಗು ತುಂಬಿಸಿ ಅಟ್ಟದ ಮೇಲೆ ಇಡುತ್ತಿದ್ದೆವು.

ಸ್ಕಾಟ್ಲೆಂಡಿಗೆ 2014ರಲ್ಲಿ ಬ್ರಿಟನ್ ಜನಮತಗಣನೆಗೆ ಒಪ್ಪಿತು, ಶೇ 55ರಷ್ಟು ಜನ ಬೇಡವೆಂದರು, ಒಕ್ಕೂಟ ಉಳಿಯಿತು. ಸ್ಪೇನ್ ಏಕೆ ಹಾಗೆ ಮಾಡಲಿಲ್ಲ? ಅನುಮತಿಯಿಲ್ಲದೆ ನಡೆದ, ಶೇ 43ರಷ್ಟು ಮಂದಿ ಮಾತ್ರ ಪಾಲ್ಗೊಂಡ ಮತದಾನವನ್ನು ಹಿಡಿದುಕೊಂಡು ಸ್ವಾತಂತ್ರ್ಯ ಘೋಷಿಸಲು ಹೊರಟವರದ್ದು ಧೈರ್ಯವೋ, ಎಡವಟ್ಟೋ? ಇಷ್ಟು ವರ್ಷವಾದರೂ ನನಗೆ ಒಂದು ತೀರ್ಮಾನಕ್ಕೆ ಬರಲು ಆಗಿಲ್ಲ.

ಕಾನೂನು ಕಟ್ಟೆ

ಹೋಲಿಕೆಯೇ ಸರಿಯಿಲ್ಲ. ಬ್ರಿಟನ್ನಿಗೆ ಲಿಖಿತ ಸಂವಿಧಾನವಿಲ್ಲ, ಪಾರ್ಲಿಮೆಂಟು ಮನಸ್ಸು ಮಾಡಿದರೆ ಸಾಕು. ಸ್ಪೇನಿನ 1978ರ ಸಂವಿಧಾನದ 2ನೇ ವಿಧಿ ರಾಷ್ಟ್ರದ ಏಕತೆಯನ್ನು ಬೇರ್ಪಡಿಸಲಾಗದ್ದು ಎಂದೇ ಹೇಳುತ್ತದೆ. ಆ ವಿಧಿಯನ್ನು ತಿದ್ದಬೇಕಾದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು, ಬಳಿಕ ಸದನಗಳು ವಿಸರ್ಜನೆಯಾಗಿ ಚುನಾವಣೆ ನಡೆಯಬೇಕು, ಹೊಸ ಸದನಗಳಲ್ಲಿ ಮತ್ತೆ ಅಷ್ಟೇ ಬಹುಮತ ಸಿಗಬೇಕು, ಕೊನೆಗೆ ಇಡೀ ಸ್ಪೇನಿನ ಜನಮತಗಣನೆಯಾಗಬೇಕು. ಆಗಿನ ಪ್ರಧಾನಿ ರಹೋಯ್ ಒಪ್ಪಿದ್ದರೂ ಅವರೊಬ್ಬರ ಕೈಯಲ್ಲಿ ಏನೂ ಇರಲಿಲ್ಲ. ಇನ್ನು ಈ ಸಂವಿಧಾನಕ್ಕೆ 1978ರ ಜನಮತಗಣನೆಯಲ್ಲಿ ಕ್ಯಾಟಲನ್ ಮತದಾರರೇ ಶೇ 90ಕ್ಕೂ ಹೆಚ್ಚು ಒಪ್ಪಿಗೆ ಕೊಟ್ಟಿದ್ದರು ಎಂಬುದನ್ನು ಎಲ್ಲರೂ ಜಾಣತನದಿಂದ ಮರೆಯುತ್ತಾರೆ.

ತುಂಗೆಯ ದಡ

ಕಟ್ಟೆಯವರೇ, 1978ರಲ್ಲಿ ಸರ್ವಾಧಿಕಾರಿ ಫ್ರಾಂಕೊ ಸತ್ತು ಮೂರು ವರ್ಷವಾಗಿತ್ತಷ್ಟೆ. ಸೈನ್ಯ ಬ್ಯಾರಕ್ಕಿನಿಂದ ಇಣುಕುತ್ತಿದ್ದ ಕಾಲದಲ್ಲಿ ಜನ ಹೂಂ ಎಂದಿದ್ದನ್ನು ಮೊಮ್ಮಕ್ಕಳ ಕಾಲಕ್ಕೂ ಬರೆದುಕೊಟ್ಟ ಪತ್ರವೆಂದು ಓದುವುದು ಯಾವ ನ್ಯಾಯ?

ಹಳೇ ಡೆಸ್ಕು

ಪತ್ರಿಕೆಯೊಂದರ ವಿದೇಶ ಸುದ್ದಿ ಪುಟವನ್ನು ಹನ್ನೆರಡು ವರ್ಷ ನೋಡಿಕೊಂಡವನು ನಾನು. 2017ರಿಂದ ಕಥೆ ಶುರುಮಾಡಿದರೆ ಅರ್ಥವಾಗುವುದಿಲ್ಲ. 2010ರಿಂದ ನೋಡಬೇಕು.

2006ರಲ್ಲಿ ಕ್ಯಾಟಲೋನಿಯಾಕ್ಕೆ ಹೊಸ ಸ್ವಾಯತ್ತತಾ ಶಾಸನ ಸಿಕ್ಕಿತು. ಬಾರ್ಸಿಲೋನಾದ ಪಾರ್ಲಿಮೆಂಟು ಅದನ್ನು ರೂಪಿಸಿತು, ಮ್ಯಾಡ್ರಿಡ್ಡಿನ ಸಂಸತ್ತು ಅದಕ್ಕೆ ಕತ್ತರಿ ಆಡಿಸಿ ಅಂಗೀಕರಿಸಿತು, ಬಳಿಕ ಕ್ಯಾಟಲನ್ ಜನರು ಜನಮತಗಣನೆಯಲ್ಲಿ ಅದನ್ನು ಒಪ್ಪಿದರು. ಅಂದರೆ ಸಂವಿಧಾನ ಹೇಳಿದ ಬಾಗಿಲುಗಳನ್ನೆಲ್ಲ ತಟ್ಟಿಯೇ ಅದು ಬಂದಿತ್ತು. ಆಗ ವಿರೋಧ ಪಕ್ಷವಾಗಿದ್ದ ರಹೋಯ್ ಅವರ ಪಾಪ್ಯುಲರ್ ಪಾರ್ಟಿ ಅದನ್ನು ಸಾಂವಿಧಾನಿಕ ನ್ಯಾಯಾಲಯಕ್ಕೆ ಒಯ್ದಿತು. ನಾಲ್ಕು ವರ್ಷ ಎಳೆದಾಡಿ 2010ರ ಜೂನ್ 28ರಂದು ನ್ಯಾಯಾಲಯ 14 ವಿಧಿಗಳನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ರದ್ದು ಮಾಡಿತು, ಪೀಠಿಕೆಯಲ್ಲಿದ್ದ 'ರಾಷ್ಟ್ರ' ಎಂಬ ಪದಕ್ಕೆ ಕಾನೂನಿನ ಬಲವಿಲ್ಲ ಎಂದಿತು. ಜುಲೈ 10ರಂದು ಬಾರ್ಸಿಲೋನಾದ ಬೀದಿಗಳು ತುಂಬಿ ಹೋದವು. ಜನರೇ ಮತ ಹಾಕಿ ಒಪ್ಪಿದ ಶಾಸನವನ್ನು ನ್ಯಾಯಾಧೀಶರು ತಿದ್ದಬಹುದಾದರೆ ಈ ಮನೆಯಲ್ಲಿ ನಮಗೇನಿದೆ ಎಂಬ ಮಾತು, ಅದುವರೆಗೆ ಸ್ವಾಯತ್ತತೆಯಲ್ಲೇ ತೃಪ್ತರಾಗಿದ್ದ ಮಧ್ಯಮ ವರ್ಗದವರ ಬಾಯಲ್ಲಿ ಆಗ ಹುಟ್ಟಿತು. ಪ್ರತ್ಯೇಕತಾವಾದಿಗಳು ಮೂವತ್ತು ವರ್ಷ ಭಾಷಣ ಮಾಡಿ ಗಳಿಸಲಾಗದ್ದನ್ನು ಒಂದೇ ತೀರ್ಪು ಗಳಿಸಿಕೊಟ್ಟಿತು.

ಅಂಕಿಸಂಖ್ಯೆ

ಡೆಸ್ಕಿನವರ ಮಾತಿಗೆ ಒಂದು ತಿದ್ದುಪಡಿ. 2006ರ ಆ ಜನಮತಗಣನೆಯಲ್ಲಿ ಮತ ಹಾಕಿದವರ ಪ್ರಮಾಣ ಶೇ 49ನ್ನೂ ಮುಟ್ಟಲಿಲ್ಲ. ಹಾಕಿದವರಲ್ಲಿ ಸುಮಾರು ಶೇ 74 ಮಂದಿ ಒಪ್ಪಿದರು ಎಂಬುದು ನಿಜ, ಆದರೆ ಇಡೀ ನಾಡೇ ಎದ್ದು ನಿಂತು ಒಪ್ಪಿತು ಎಂಬ ಚಿತ್ರ ಸರಿಯಲ್ಲ. 2008ರ ನಂತರದ ಆರ್ಥಿಕ ಕುಸಿತ, ಆಸ್ಪತ್ರೆ ಮತ್ತು ಶಾಲೆಗಳ ಅನುದಾನ ಕಡಿತ, ನಿರುದ್ಯೋಗ ಇವನ್ನೆಲ್ಲ ಬಿಟ್ಟು ತೀರ್ಪೊಂದನ್ನೇ ದೂರಿದರೆ ಕಥೆ ಅರ್ಧವಾಗುತ್ತದೆ. ಅನುದಾನ ಕಡಿದವರಲ್ಲಿ ಬಾರ್ಸಿಲೋನಾದ ಆರ್ಥರ್ ಮಾಸ್ ಸರ್ಕಾರವೂ ಇತ್ತು. ತನ್ನ ಮೇಲಿನ ಸಿಟ್ಟನ್ನು ಮ್ಯಾಡ್ರಿಡ್ ಕಡೆಗೆ ತಿರುಗಿಸುವುದು ಅವರಿಗೂ ಅನುಕೂಲವಾಗಿಯೇ ಇತ್ತು.

ಹಳೇ ಡೆಸ್ಕು

ಒಪ್ಪಿದೆ. ಆದರೆ ಕುಸಿತ ಆಂಡಲೂಸಿಯಾದಲ್ಲಿ ಇನ್ನೂ ಭೀಕರವಾಗಿತ್ತು, ಅಲ್ಲಿ ಯಾರೂ ಪ್ರತ್ಯೇಕ ದೇಶ ಕೇಳಲಿಲ್ಲ.

ಹೊಳೆಸಾಲು

ದುಡಿದು ಕೊಡುವವರು ಒಬ್ಬರು, ತಿನ್ನುವವರು ಇನ್ನೊಬ್ಬರು. ಸ್ಪೇನಿನ ಜನಸಂಖ್ಯೆಯಲ್ಲಿ ಶೇ 16ರಷ್ಟಿರುವ ಕ್ಯಾಟಲನ್ನರು ದೇಶದ ಒಟ್ಟು ಉತ್ಪನ್ನದ ಸುಮಾರು ಶೇ 19ರಷ್ಟನ್ನು ದುಡಿಯುತ್ತಾರೆ. ತೆರಿಗೆಯೆಲ್ಲ ಮ್ಯಾಡ್ರಿಡ್ಡಿಗೆ ಹೋಗುತ್ತದೆ. ನಾವು ಕನ್ನಡಿಗರು 2024ರ ಫೆಬ್ರುವರಿಯಲ್ಲಿ ದೆಹಲಿಗೆ ಹೋಗಿ 'ನನ್ನ ತೆರಿಗೆ ನನ್ನ ಹಕ್ಕು' ಎಂದಿದ್ದೂ ಇದೇ ನೋವಿಗೆ. ಕೇಂದ್ರ ತೆರಿಗೆಯಲ್ಲಿ ನಮ್ಮ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿದದ್ದು ಯಾರಿಗೆ ಗೊತ್ತಿಲ್ಲ?

ಅಂಕಿಸಂಖ್ಯೆ

ತೆರಿಗೆಯೆಲ್ಲ ಹೋಗುವುದಿಲ್ಲ. 2009ರ ಹಂಚಿಕೆ ಪದ್ಧತಿಯ ಪ್ರಕಾರ ಆದಾಯ ತೆರಿಗೆಯ ಅರ್ಧ ಮತ್ತು ಮೌಲ್ಯವರ್ಧಿತ ತೆರಿಗೆಯ ಅರ್ಧ ಆಯಾ ಸ್ವಾಯತ್ತ ಪ್ರಾಂತ್ಯಕ್ಕೇ ಸೇರುತ್ತದೆ. ಅದರ ಮೇಲೆ ಶ್ರೀಮಂತ ಪ್ರಾಂತ್ಯಗಳಿಂದ ಬಡ ಪ್ರಾಂತ್ಯಗಳಿಗೆ ಹಂಚುವ ಸಮೀಕರಣ ನಿಧಿಯ ಲೆಕ್ಕ ಬೇರೆ. 'ಸ್ಪೇನ್ ನಮ್ಮನ್ನು ದೋಚುತ್ತಿದೆ' ಎಂಬ ಘೋಷಣೆಯ ಹಿಂದಿನ ಮೊತ್ತ ಎಷ್ಟೆಂದು ಇಬ್ಬರು ಅರ್ಥಶಾಸ್ತ್ರಜ್ಞರನ್ನು ಕೇಳಿದರೆ ಮೂರು ಉತ್ತರ ಬರುತ್ತವೆ.

ನಿಜವಾದ ಹೊಟ್ಟೆಯುರಿ ಬಾಸ್ಕ್ ನಾಡಿನ ಮೇಲೆ. ಬಾಸ್ಕ್ ಮತ್ತು ನವಾರ್ರೆ ಪ್ರಾಂತ್ಯಗಳು ತಮ್ಮ ತೆರಿಗೆಯನ್ನು ತಾವೇ ವಸೂಲು ಮಾಡಿ, ಕೇಂದ್ರದ ಸೇವೆಗಳಿಗೆಂದು ಒಂದು ಮೊತ್ತವನ್ನು ಎಣಿಸಿ ಕೊಡುತ್ತವೆ. ನಮಗೂ ಅಂಥದೇ ವ್ಯವಸ್ಥೆ ಕೊಡಿ ಎಂದು ಮಾಸ್ ಅವರು 2012ರ ಸೆಪ್ಟೆಂಬರಿನಲ್ಲಿ ಮ್ಯಾಡ್ರಿಡ್ಡಿಗೆ ಹೋಗಿ ರಹೋಯ್ ಅವರನ್ನು ಕೇಳಿ ಬರಿಗೈಯಲ್ಲಿ ಮರಳಿದರು. ಅದಾದ ಮೇಲೆಯೇ ಅವರು ಅವಧಿಗೆ ಮುನ್ನ ಚುನಾವಣೆ ಕರೆದು ಸ್ವಯಂ ನಿರ್ಣಯದ ಮಾತೆತ್ತಿದ್ದು.

ಕಾನೂನು ಕಟ್ಟೆ

ಹೊಳೆಸಾಲು ಅವರಿಗೆ ಇನ್ನೊಂದು ಮಾತು. ಪಾಲು ಹೆಚ್ಚು ಕೇಳುವುದು ಬೇರೆ, ಮನೆ ಬಿಟ್ಟು ಹೋಗುವುದು ಬೇರೆ. ದೆಹಲಿಯಲ್ಲಿ ಕರ್ನಾಟಕದವರು ಕೇಳಿದ್ದು ಮೊದಲನೆಯದನ್ನು. ಎರಡನ್ನೂ ಒಂದೇ ಗೋಣಿಯಲ್ಲಿ ಕಟ್ಟಿದರೆ ನಾಳೆ ಪಾಲು ಕೇಳಿದವರಿಗೂ ಪ್ರತ್ಯೇಕತಾವಾದಿ ಎಂಬ ಪಟ್ಟ ಬರುತ್ತದೆ.

ಹೊಳೆಸಾಲು

ಸರಿ, ಒಪ್ಪಿದೆ. ಆದರೆ ಮಾಸ್ ಅವರೂ ಮೊದಲು ಕೇಳಿದ್ದು ಪಾಲನ್ನೇ ಎಂದು ಮೇಲಿನವರೇ ಬರೆದಿದ್ದಾರೆ. ಪಾಲು ಕೊಡದ ಕಾರಣಕ್ಕೇ ಅವರು ಬಾಗಿಲಿನತ್ತ ನೋಡಿದರು ಎಂಬುದನ್ನೂ ತಾವು ಗಮನಿಸಬೇಕು.

ಸಬದೆಲ್ ಅಮ್ಮ

ನಾನು ಹಾಸನದವಳು, ಬಾರ್ಸಿಲೋನಾ ಪಕ್ಕದ ಸಬದೆಲ್‌ನಲ್ಲಿ 2009ರಿಂದ ಇದ್ದೇನೆ. ನೀವೆಲ್ಲ ತೆರಿಗೆ, ವಿಧಿ, ತೀರ್ಪು ಎನ್ನುತ್ತಿದ್ದೀರಿ, ಇಲ್ಲಿನವರಿಗೆ ಮೊದಲು ನೋಯುವುದು ಭಾಷೆ. ನನ್ನ ಮಗ ಶಾಲೆಗೆ ಸೇರಿದಾಗ ಅವನಿಗೆ ಕನ್ನಡ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಹೊಸದಾಗಿ ಬಂದ ಮಕ್ಕಳಿಗೆಂದೇ ಇರುವ ಸ್ವಾಗತ ತರಗತಿಯಲ್ಲಿ ಕೂರಿಸಿ ಕ್ಯಾಟಲನ್ ಕಲಿಸಿದರು. ಆರು ತಿಂಗಳಲ್ಲಿ ಅವನು ಕನಸಿನಲ್ಲೂ ಕ್ಯಾಟಲನ್ ಬಡಬಡಿಸುತ್ತಿದ್ದ. ಸ್ಪ್ಯಾನಿಷ್ ಅವನಿಗೆ ಆಟದ ಮೈದಾನದಲ್ಲಿ ತಾನಾಗಿ ಬಂತು. ಫ್ರಾಂಕೊ ಕಾಲದಲ್ಲಿ ಶಾಲೆಯಿಂದ ಹೊರಗಿದ್ದ ಭಾಷೆ 1983ರ ಕಾನೂನಿನ ಬಳಿಕ ಶಾಲೆಗೆ ಮರಳಿತು. ಅವನ ಶಿಕ್ಷಕಿಯ ತಾಯಿಗೆ ಮನೆಯ ಪಟ್ಟಿಯನ್ನೂ ಕ್ಯಾಟಲನ್‌ನಲ್ಲಿ ಬರೆಯಲು ಬರುತ್ತಿರಲಿಲ್ಲವಂತೆ, ಮಾತು ಮಾತ್ರ ಬರುತ್ತಿತ್ತಂತೆ. ಹೀಗಿರುವಾಗ ಶಾಲೆಯಲ್ಲಿ ಕನಿಷ್ಠ ಶೇ 25ರಷ್ಟು ಪಾಠ ಸ್ಪ್ಯಾನಿಷಿನಲ್ಲೇ ನಡೆಯಬೇಕು ಎಂದು ನ್ಯಾಯಾಲಯ ಹೇಳಿದಾಗ ಆ ಶಿಕ್ಷಕಿಯ ಮುಖ ಹೇಗಿತ್ತೆಂದು ನಾನು ನೋಡಿದ್ದೇನೆ.

2014ರ ನವೆಂಬರ್ 9ರ ಅನೌಪಚಾರಿಕ ಮತದಾನದಲ್ಲಿ ಇಲ್ಲಿ ನೆಲೆಸಿದ ವಿದೇಶಿಯರಿಗೂ ಅವಕಾಶವಿತ್ತು, ನಾನೂ ಹಾಕಿದ್ದೆ. 2017ರಲ್ಲಿ ನನಗೆ ಮತವಿರಲಿಲ್ಲ. ಇದ್ದಿದ್ದರೆ ಏನು ಹಾಕುತ್ತಿದ್ದೆನೋ ಗೊತ್ತಿಲ್ಲ.

ಕೊನೆ ಬೆಂಚು

2014ರಲ್ಲಿ ಏನು ಹಾಕಿದಿರಿ ಎಂದು ಹೇಳಲೇ ಇಲ್ಲವಲ್ಲ ಅಮ್ಮ.

ಸಬದೆಲ್ ಅಮ್ಮ

ಗುಪ್ತ ಮತದಾನ.

ತುಂಗೆಯ ದಡ

ಅಕ್ಟೋಬರ್ 1ರಂದು ಮತಗಟ್ಟೆಗಳ ಮುಂದೆ ಆದದ್ದನ್ನು ಯಾರೂ ಇನ್ನೂ ಬರೆದಿಲ್ಲ. ವಯಸ್ಸಾದವರನ್ನು ಮೆಟ್ಟಿಲ ಮೇಲಿಂದ ಎಳೆದುಹಾಕಿದ, ಸಾಲಿನಲ್ಲಿ ನಿಂತವರ ಮೇಲೆ ಲಾಠಿ ಬೀಸಿದ ದೃಶ್ಯಗಳನ್ನು ಜಗತ್ತೆಲ್ಲ ನೋಡಿತು. ಚಿಕಿತ್ಸೆ ಪಡೆದವರ ಸಂಖ್ಯೆ ಸಾವಿರದ ಆಸುಪಾಸು ಎಂದು ಕ್ಯಾಟಲನ್ ಆರೋಗ್ಯ ಇಲಾಖೆ ಲೆಕ್ಕ ಕೊಟ್ಟಿತು. ಎರಡು ದಿನದ ಬಳಿಕ ದೊರೆ ಆರನೇ ಫೆಲಿಪೆ ಟಿವಿಯಲ್ಲಿ ಮಾತನಾಡಿದಾಗ ಗಾಯಗೊಂಡವರ ಬಗ್ಗೆ ಒಂದು ಮಾತೂ ಬರಲಿಲ್ಲ. ಕಾನೂನು ಮುರಿದವರನ್ನು ಖಂಡಿಸಿದರು, ಅದು ಅವರ ಹಕ್ಕು. ಗಾಯಗೊಂಡವರೂ ಅವರ ಪ್ರಜೆಗಳೇ ತಾನೇ?

ಗ್ರಾಸಿಯಾ ಬಾಡಿಗೆದಾರ

ನಾವು ಹೋಗಿದ್ದ ಶಾಲೆಗೆ ಪೊಲೀಸರು ಬರಲಿಲ್ಲ. ಬರುತ್ತಾರೆ ಎಂಬ ಸುದ್ದಿ ಗಂಟೆಗೊಮ್ಮೆ ಬರುತ್ತಿತ್ತು, ಆಗೆಲ್ಲ ಒಳಗಿದ್ದವರು ಪೆಟ್ಟಿಗೆಗಳನ್ನು ಎಲ್ಲಿಗೋ ಒಯ್ದು ಮೇಜಿನ ಮೇಲೆ ಡಾಮಿನೋ ಹರಡಿಕೊಂಡು ಕೂರುತ್ತಿದ್ದರು. ಹೊರ ಪ್ರಾಂತ್ಯಗಳಿಂದ ಕರೆಸಿದ ಪೊಲೀಸರಿಗೆ ಬಂದರಿನಲ್ಲಿ ಹಡಗುಗಳಲ್ಲಿ ವಸತಿ ಮಾಡಿದ್ದರು. ಅವುಗಳಲ್ಲೊಂದರ ಮೈಮೇಲೆ ಹಳದಿ ಟ್ವೀಟಿ ಹಕ್ಕಿಯ ದೊಡ್ಡ ಕಾರ್ಟೂನು ಚಿತ್ರವಿತ್ತು. ನಗೆಪಾಟಲಾದ ಮೇಲೆ ಅದಕ್ಕೆ ಬಟ್ಟೆ ಹೊದಿಸಿದರು, ಆಮೇಲೆ ನಗು ಇನ್ನೂ ಹೆಚ್ಚಾಯಿತು.

ಫುಟ್‌ಬಾಲ್ ಮರುಳ

ಅದೇ ದಿನ ಕಾಂಪ್ ನೌ ಕ್ರೀಡಾಂಗಣದಲ್ಲಿ ಬಾರ್ಸಾ ಮತ್ತು ಲಾಸ್ ಪಾಲ್ಮಾಸ್ ಪಂದ್ಯ ಪ್ರೇಕ್ಷಕರೇ ಇಲ್ಲದೆ ನಡೆಯಿತು. ಮೆಸ್ಸಿ ಖಾಲಿ ಕುರ್ಚಿಗಳ ಮುಂದೆ ಆಡಿದ್ದನ್ನು ನಾನು ದಾವಣಗೆರೆಯಲ್ಲಿ ಕೂತು ನೋಡಿದ್ದೆ. ಅಲ್ಲಿ ಪಂದ್ಯದ 17ನೇ ನಿಮಿಷದ 14ನೇ ಸೆಕೆಂಡಿಗೆ ಸ್ವಾತಂತ್ರ್ಯದ ಕೂಗು ಏಳುತ್ತಿತ್ತು. 1714ರಲ್ಲಿ ಬಾರ್ಸಿಲೋನಾ ಸ್ಪೇನಿನ ಬೂರ್ಬನ್ ದೊರೆಯ ಸೈನ್ಯಕ್ಕೆ ಬಿದ್ದ ನೆನಪಿಗೆ. ಸೋತ ದಿನವನ್ನೇ ನಾಡಹಬ್ಬವಾಗಿ ಸೆಪ್ಟೆಂಬರ್ 11ರಂದು ಆಚರಿಸುವ ಜನ ಇವರು.

ಕಾನೂನು ಕಟ್ಟೆ

ಲಾಠಿ ಪ್ರಹಾರವನ್ನು ನಾನು ಸಮರ್ಥಿಸುವುದಿಲ್ಲ, ಅದು ಮೂರ್ಖತನ. ಆದರೆ ಸೆಪ್ಟೆಂಬರ್ 6ರ ರಾತ್ರಿ ಕ್ಯಾಟಲನ್ ಪಾರ್ಲಿಮೆಂಟಿನಲ್ಲಿ ಆದದ್ದನ್ನೂ ನೋಡಿ. ಸದನದ ಕಾನೂನು ಅಧಿಕಾರಿಗಳ ಎಚ್ಚರಿಕೆಯನ್ನು ಬದಿಗೊತ್ತಿ, ವಿರೋಧ ಪಕ್ಷಗಳ ಹೆಚ್ಚಿನವರು ಹೊರನಡೆದ ಮೇಲೆ, 135ರ ಸದನದಲ್ಲಿ 72 ಮತಗಳಿಂದ ಜನಮತಗಣನೆ ಕಾನೂನನ್ನು ಒಂದೇ ದಿನದಲ್ಲಿ ಪಾಸು ಮಾಡಿದರು. ತಮ್ಮದೇ ಸ್ವಾಯತ್ತತಾ ಶಾಸನದಲ್ಲಿ ಏನನ್ನಾದರೂ ತಿದ್ದಬೇಕಿದ್ದರೆ ಮೂರನೇ ಎರಡು, ಅಂದರೆ 90 ಮತ ಬೇಕು. ತಿದ್ದಲು 90 ಬೇಕಾದ ಮನೆಯಲ್ಲಿ ಕೆಡವಲು 72 ಸಾಕಾಯಿತು! ಆ ಕಾನೂನಿನಲ್ಲಿ ಕನಿಷ್ಠ ಇಷ್ಟು ಮಂದಿ ಮತ ಹಾಕಲೇಬೇಕು ಎಂಬ ಷರತ್ತೂ ಇರಲಿಲ್ಲ.

ಹೀಗಾಗಿ ಸ್ಪೇನಿನಲ್ಲೇ ಉಳಿಯಬೇಕೆಂದಿದ್ದವರು ಬಹುಪಾಲು ಮನೆಯಲ್ಲೇ ಕೂತರು. ಶೇ 90ರಷ್ಟು 'ಹೌದು' ಬಂದದ್ದರ ಗುಟ್ಟು ಅಷ್ಟೇ.

ಅಂಕಿಸಂಖ್ಯೆ

ಸುಮಾರು 53 ಲಕ್ಷ ಮತದಾರರಲ್ಲಿ 'ಹೌದು' ಎಂದವರು 20 ಲಕ್ಷಕ್ಕೆ ಸ್ವಲ್ಪ ಮೇಲೆ. ಎರಡೂ ಕಡೆಯವರು ಪೂರ್ತಿಯಾಗಿ ಪಾಲ್ಗೊಂಡ ಅದೇ ವರ್ಷದ ಡಿಸೆಂಬರ್ 21ರ ಚುನಾವಣೆಯಲ್ಲಿ ಸ್ವಾತಂತ್ರ್ಯವಾದಿ ಪಕ್ಷಗಳಿಗೆ ಶೇ 47.5 ಮತ, 70 ಸ್ಥಾನ. ಅದೇ ಚುನಾವಣೆಯಲ್ಲಿ ಅತಿ ಹೆಚ್ಚು ಸ್ಥಾನ ಗೆದ್ದ ಒಂಟಿ ಪಕ್ಷ ಇನೆಸ್ ಅರಿಮಾದಸ್ ಮುಂದಾಳತ್ವದ, ಪ್ರತ್ಯೇಕತೆಯನ್ನು ವಿರೋಧಿಸುವ ಸಿಯುದಾದಾನೋಸ್. ಸರಿಯಾಗಿ ನಡುವಿಗೆ ಸೀಳಿದ ತೆಂಗಿನಕಾಯಿ.

ಹಳೇ ಡೆಸ್ಕು

ಆ ಅಕ್ಟೋಬರಿನಲ್ಲಿ ಪುಟ ಕಟ್ಟುವುದೇ ಶಿಕ್ಷೆಯಾಗಿತ್ತು. 10ನೇ ತಾರೀಖು ಕ್ಯಾಟಲೋನಿಯಾದ ಅಧ್ಯಕ್ಷ ಪುಜ್ದೆಮೋನ್ ಸದನದಲ್ಲಿ ಎದ್ದು, ಗಣರಾಜ್ಯವಾಗುವ ಜನಾದೇಶವನ್ನು ಸ್ವೀಕರಿಸುತ್ತೇನೆ ಎಂದರು. ಹೊರಗೆ ದೊಡ್ಡ ಪರದೆಯ ಮುಂದೆ ನಿಂತ ಜನ ಅಪ್ಪಿಕೊಂಡು ಅಳತೊಡಗಿದರು. ಮಾತುಕತೆಗಾಗಿ ಅದರ ಪರಿಣಾಮವನ್ನು ಅಮಾನತಿನಲ್ಲಿಡಬೇಕೆಂದು ಕೋರುತ್ತೇನೆ ಎಂಬ ಮಾತು ಅದರ ಬೆನ್ನಿಗೇ ಬಂತು. ಎಂಟು ಸೆಕೆಂಡುಗಳ ಗಣರಾಜ್ಯ ಎಂಬ ಹೆಸರು ಬಿದ್ದದ್ದು ಆಗ. ನಮ್ಮ ಪುಟದ ಶೀರ್ಷಿಕೆಯನ್ನು ಆ ರಾತ್ರಿ ಮೂರು ಸಲ ಬದಲಿಸಿದೆ.

26ರಂದು ಇನ್ನೊಂದು ನಾಟಕ ನಡೆಯಿತು. ಬಾಸ್ಕ್ ಪ್ರಾಂತ್ಯದ ಅಧ್ಯಕ್ಷ ಉರ್ಕುಲ್ಯು ಅವರ ಮಧ್ಯಸ್ಥಿಕೆಯಿಂದ ಪುಜ್ದೆಮೋನ್ ಘೋಷಣೆ ಬಿಟ್ಟು ಚುನಾವಣೆ ಕರೆಯಲು ಸಿದ್ಧರಾಗಿದ್ದರು. ಅವರದೇ ಮಿತ್ರಪಕ್ಷದ ಸಂಸದ ಗಾಬ್ರಿಯೆಲ್ ರುಫಿಯಾನ್ ಟ್ವಿಟರಿನಲ್ಲಿ '155 ಬೆಳ್ಳಿ ನಾಣ್ಯಗಳು' ಎಂದು ಬರೆದರು. ಯೇಸುವನ್ನು ಮೂವತ್ತು ಬೆಳ್ಳಿ ನಾಣ್ಯಕ್ಕೆ ಮಾರಿದ ಯೂದನ ಕಥೆಗೆ, ಪ್ರಾಂತ್ಯವನ್ನು ಕೇಂದ್ರದ ಹಿಡಿತಕ್ಕೆ ತರುವ ಸಂವಿಧಾನದ 155ನೇ ವಿಧಿಯನ್ನು ಹೊಸೆದ ಮೂರೇ ಪದ. ಬೀದಿಯಲ್ಲಿ ದ್ರೋಹಿ ಎಂಬ ಕೂಗೆದ್ದಿತು. ಇತ್ತ 155ನ್ನು ಬಳಸುವುದಿಲ್ಲ ಎಂಬ ಖಾತ್ರಿಯೂ ಮ್ಯಾಡ್ರಿಡ್‌ನಿಂದ ಬರಲಿಲ್ಲ. ಮರುದಿನ 70 ಮತಗಳಿಂದ ಘೋಷಣೆ ಅಂಗೀಕಾರವಾಯಿತು, ಅದೇ ದಿನ ಸೆನೆಟ್ 155ಕ್ಕೆ ಒಪ್ಪಿತು, ರಹೋಯ್ ಅವರು ಕ್ಯಾಟಲನ್ ಸರ್ಕಾರವನ್ನು ವಜಾ ಮಾಡಿದರು. ಕೆಲವೇ ದಿನಗಳಲ್ಲಿ ಪುಜ್ದೆಮೋನ್ ಬೆಲ್ಜಿಯಂನಲ್ಲಿದ್ದರು.

ಕೊನೆ ಬೆಂಚು

155 ಅಂದರೆ ನಮ್ಮ 356 ತಾನೇ? ರಾಷ್ಟ್ರಪತಿ ಆಳ್ವಿಕೆ ಹೇರಿ ಸರ್ಕಾರ ಕಿತ್ತುಹಾಕುವುದು?

ಕಾನೂನು ಕಟ್ಟೆ

ಸ್ವಭಾವ ಒಂದೇ, ಕುಲ ಬೇರೆ. 155 ಜರ್ಮನಿಯ ಮೂಲ ಕಾನೂನಿನ 37ನೇ ವಿಧಿಯ ಅಚ್ಚಿನಲ್ಲಿ ಎರಕ ಹೊಯ್ದದ್ದು. ಮೊದಲು ಪ್ರಾಂತ್ಯದ ಅಧ್ಯಕ್ಷರಿಗೆ ಸೂಚನೆ ಕೊಡಬೇಕು, ಅವರು ಕೇಳದಿದ್ದರೆ ಸೆನೆಟ್ಟಿನ ಪೂರ್ಣ ಬಹುಮತ ಪಡೆಯಬೇಕು. 1978ರಿಂದ 2017ರವರೆಗೆ ಒಮ್ಮೆಯೂ ಜಾರಿಯಾಗಿರಲಿಲ್ಲ. ನಮ್ಮ 356ನ್ನು ನೂರಕ್ಕೂ ಹೆಚ್ಚು ಸಲ ಬಳಸಿದ್ದೇವೆ. ಅದಕ್ಕೆ ಮೂಗುದಾರ ಹಾಕಿದ್ದು ನಮ್ಮ ಎಸ್. ಆರ್. ಬೊಮ್ಮಾಯಿ ಅವರ ಮೊಕದ್ದಮೆ. 1989ರ ಏಪ್ರಿಲಿನಲ್ಲಿ ಅವರಿಗೆ ಸದನದಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ ಸರ್ಕಾರವನ್ನು ವಜಾ ಮಾಡಿದರು, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲೇ ಎಂದು 1994ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಪ್ರತ್ಯೇಕತೆಯ ವಿಷಯದಲ್ಲಿ ಭಾರತ ಸ್ಪೇನಿಗಿಂತ ಸಡಿಲವೇನಲ್ಲ. 1963ರ 16ನೇ ತಿದ್ದುಪಡಿಯ ಬಳಿಕ ದೇಶದ ಸಾರ್ವಭೌಮತೆ ಮತ್ತು ಅಖಂಡತೆಯನ್ನು ಎತ್ತಿಹಿಡಿಯುವೆನೆಂದು ಪ್ರಮಾಣ ಮಾಡದೆ ಚುನಾವಣೆಗೆ ನಿಲ್ಲುವಂತಿಲ್ಲ. ಅಣ್ಣಾದೊರೆ ದ್ರಾವಿಡನಾಡಿನ ಬೇಡಿಕೆ ಕೈಬಿಟ್ಟದ್ದು ಆ ವರ್ಷವೇ.

ತುಂಗೆಯ ದಡ

ಕೈಬಿಟ್ಟರು, ನಾಲ್ಕೇ ವರ್ಷದಲ್ಲಿ ಮುಖ್ಯಮಂತ್ರಿಯೂ ಆದರು. ಅಲ್ಲಿ ಬಾಗಿಲು ಮುಚ್ಚಿ ಕಿಟಕಿ ತೆರೆದಿಟ್ಟಿದ್ದರು. ಸ್ಪೇನ್ 2010ರಲ್ಲಿ ಕಿಟಕಿಯನ್ನೂ ಮುಚ್ಚಿತು ಎಂಬುದೇ ನನ್ನ ವಾದ. 2014ರ ಏಪ್ರಿಲಿನಲ್ಲಿ ಜನಮತಗಣನೆ ನಡೆಸುವ ಅಧಿಕಾರವನ್ನು ತಮಗೆ ವಹಿಸಿಕೊಡಿ ಎಂದು ಕ್ಯಾಟಲನ್ನರು ಸಂಸತ್ತಿಗೇ ಹೋಗಿ ಕಾನೂನುಬದ್ಧವಾಗಿ ಕೇಳಿದರು. 47ಕ್ಕೆ ವಿರುದ್ಧ 299 ಮತಗಳಿಂದ ತಳ್ಳಿಹಾಕಿದರು. ಕೆನಡಾದ ಸುಪ್ರೀಂ ಕೋರ್ಟು 1998ರಲ್ಲಿ ಕ್ವಿಬೆಕ್ ವಿಚಾರದಲ್ಲಿ, ಏಕಪಕ್ಷೀಯವಾಗಿ ಹೊರಹೋಗುವ ಹಕ್ಕಿಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದವರು ಮಾತುಕತೆಗೆ ಕೂರಲೇಬೇಕು ಎಂದಿತ್ತು. ಕಾನೂನು ಹಾಗೂ ಮಾತಾಡಬಲ್ಲದು.

ಕಾನೂನು ಕಟ್ಟೆ

ಈ ಮಾತಿಗೆ ನನ್ನಲ್ಲಿ ಚುರುಕಾದ ಉತ್ತರವಿಲ್ಲ. 2010ರ ತೀರ್ಪು ಕಾನೂನಿನಂತೆ ಸರಿ, ಆದರೆ ಜನ ಮತ ಹಾಕಿದ ಮೇಲೆ ಅದು ಬರಬಾರದಿತ್ತು. ನ್ಯಾಯಾಲಯದ ಪರಿಶೀಲನೆ ಮತದಾನಕ್ಕೆ ಮುಂಚೆ ಆಗಬೇಕು. ಸ್ಪೇನಿನವರೇ 2015ರಲ್ಲಿ ಆ ಪದ್ಧತಿಯನ್ನು ಮರಳಿ ತಂದರು.

ಹೊಳೆಸಾಲು

ಜೈಲಿನ ಕಥೆ? ಚಳವಳಿಯ ಒಂಬತ್ತು ಮಂದಿ ಮುಂದಾಳುಗಳಿಗೆ 9ರಿಂದ 13 ವರ್ಷ! ಕ್ಯಾಟಲನ್ ಸರ್ಕಾರದ ಉಪಾಧ್ಯಕ್ಷರಾಗಿದ್ದ ಜುಂಕೇರಸ್ ಅವರಿಗೆ 13. ಅವರಲ್ಲಿ ಜೋರ್ದಿ ಎಂಬ ಹೆಸರಿನ ಇಬ್ಬರು ನಾಗರಿಕ ಸಂಘಟನೆಗಳ ಮುಖ್ಯಸ್ಥರು, ಅಧಿಕಾರದಲ್ಲಿದ್ದವರೇ ಅಲ್ಲ. ಪೊಲೀಸ್ ಜೀಪಿನ ಮೇಲೆ ಹತ್ತಿ ಜನರನ್ನು ಮನೆಗೆ ಕಳಿಸುವ ಮಾತಾಡಿದವರಿಗೆ 9 ವರ್ಷ.

ಹಳೇ ಡೆಸ್ಕು

2019ರ ಅಕ್ಟೋಬರ್ 14ರ ಆ ತೀರ್ಪಿನಲ್ಲಿ ಬಂಡಾಯದ ಆರೋಪ ನಿಲ್ಲಲಿಲ್ಲ, ರಾಜದ್ರೋಹ ನಿಂತಿತು. ಪುಜ್ದೆಮೋನ್ ಜರ್ಮನಿಯಲ್ಲಿ ಸಿಕ್ಕಿಬಿದ್ದಾಗ ಅಲ್ಲಿನ ನ್ಯಾಯಾಲಯವೂ ಬಂಡಾಯದ ಆರೋಪಕ್ಕೆ ಹಸ್ತಾಂತರ ಮಾಡಲು ಒಪ್ಪಿರಲಿಲ್ಲ. 2021ರ ಜೂನಿನಲ್ಲಿ ಪ್ರಧಾನಿ ಪೆದ್ರೊ ಸಾಂಚೆಸ್ ಒಂಬತ್ತೂ ಮಂದಿಗೆ ಕ್ಷಮೆ ಕೊಟ್ಟರು. 2024ರಲ್ಲಿ ಕ್ಷಮಾದಾನ ಕಾನೂನು 172ಕ್ಕೆ ವಿರುದ್ಧ 177 ಮತಗಳಿಂದ ಪಾಸಾಯಿತು. ಸಾಂಚೆಸ್ ಅವರಿಗೆ ಪ್ರಧಾನಿಯಾಗಿ ಮುಂದುವರಿಯಲು ಪುಜ್ದೆಮೋನ್ ಪಕ್ಷದ 7 ಸಂಸದರು ಬೇಕಿದ್ದರು ಎಂಬುದನ್ನು ಮರೆತು ಇದನ್ನು ಔದಾರ್ಯ ಎನ್ನಲಾರೆ. ಕ್ಷಮಾದಾನ ಕಾನೂನನ್ನು 2025ರ ಜೂನಿನಲ್ಲಿ ಸಾಂವಿಧಾನಿಕ ನ್ಯಾಯಾಲಯ ಎತ್ತಿಹಿಡಿಯಿತು, ಅದೂ 6-4ರಲ್ಲಿ.

ಗ್ರಾಸಿಯಾ ಬಾಡಿಗೆದಾರ

ಆರಂಭಿಸಿದವನಾಗಿ ಒಂದು ಮಾತು. ಅಜ್ಜಿ ಈಗಲೂ ಫೋನು ಮಾಡುತ್ತಾರೆ. ಜೈಲಿನಲ್ಲಿದ್ದವರ ಪರವಾಗಿ ಬಾಲ್ಕನಿಯಲ್ಲಿ ಕಟ್ಟಿದ್ದ ಹಳದಿ ರಿಬ್ಬನ್ನು ಬಿಸಿಲಿಗೆ ಬೆಳ್ಳಗಾಗಿದೆಯಂತೆ, ಬಿಚ್ಚಿಲ್ಲ. 2024ರ ಮೇ ಚುನಾವಣೆಯಲ್ಲಿ ಮತ ಹಾಕಲು ಹೋಗಲಿಲ್ಲವಂತೆ. ನಮ್ಮವರು ನಮಗೆ ಸುಳ್ಳು ಹೇಳಿದರು, ಮರುದಿನಕ್ಕೆ ಏನೂ ಸಿದ್ಧ ಮಾಡಿಕೊಳ್ಳದೆ ಎಲ್ಲ ಸಿದ್ಧವಾಗಿದೆ ಎಂದರು, ಅದು ಲಾಠಿಗಿಂತ ನೋಯಿಸಿತು ಎಂದರು. ಬಸ್ ಚಾಲಕರು ಪ್ರತ್ಯೇಕತೆ ಬೇಡವೆನ್ನುವ ಸಮಾಜವಾದಿ ನಾಯಕ ಇಲ್ಯಾ ಅವರಿಗೆ ಮತ ಹಾಕಿದರಂತೆ. ಇಬ್ಬರ ನಡುವೆ ಮಾತು ಮರಳಿದೆ, ಸದ್ಯ ಲಿಫ್ಟ್ ರಿಪೇರಿಯ ಖರ್ಚು ಯಾರು ಎಷ್ಟು ಕೊಡಬೇಕೆಂಬ ಜಗಳ ನಡೆಯುತ್ತಿದೆ.

ಅಂಕಿಸಂಖ್ಯೆ

ಅಜ್ಜಿಯಂಥವರು ಲಕ್ಷಾಂತರ ಮಂದಿ ಇದ್ದಾರೆ. 2017ರಲ್ಲಿ 20 ಲಕ್ಷ ದಾಟಿದ್ದ ಸ್ವಾತಂತ್ರ್ಯವಾದಿ ಮತ 2021ರಲ್ಲಿ 15 ಲಕ್ಷಕ್ಕೂ ಕೆಳಗಿಳಿಯಿತು. ತಮಾಷೆಯೆಂದರೆ ಒಟ್ಟು ಮತದಾನವೇ ಕುಸಿದಿದ್ದರಿಂದ ಅವರ ಪಾಲು ಮೊದಲ ಬಾರಿಗೆ ಶೇ 50 ದಾಟಿದ್ದೂ ಆಗಲೇ. 2024ರಲ್ಲಿ ಬಹುಮತ ಹೋಯಿತು.

ಸಬದೆಲ್ ಅಮ್ಮ

ತಣ್ಣಗಾಯಿತು ಎಂದು ಷರಾ ಬರೆಯಬೇಡಿ. 2024ರಲ್ಲಿ ರಿಪೋಲ್ ಊರಿನ ಮೇಯರ್ ಸಿಲ್ವಿಯಾ ಓರಿಯೋಲ್ಸ್ ಅವರ ಪಕ್ಷ 2 ಸ್ಥಾನ ಗೆದ್ದಿತು. ಅದಕ್ಕೂ ಸ್ವತಂತ್ರ ಕ್ಯಾಟಲೋನಿಯಾ ಬೇಕು, ಆದರೆ ವಲಸಿಗರು ಬೇಡ. ಇದೇ ಸ್ವಾತಂತ್ರ್ಯ ಚಳವಳಿ 2014ರಲ್ಲಿ ವಿದೇಶಿಯರ ಕೈಗೂ ಮತಪತ್ರ ಕೊಟ್ಟು ಬನ್ನಿ ಎಂದಿತ್ತು. ಕೊನೆ ಬೆಂಚಿನವರು ಕೇಳಿದ್ದರಲ್ಲ, ಆಗ ನಾನು ಹಾಕಿದ್ದು 'ಹೌದು'. ಹದಿನೇಳು ವರ್ಷದ ಮಗ ಈಗ ನನ್ನ ಸ್ಪ್ಯಾನಿಷನ್ನು ಕ್ಯಾಟಲನ್‌ನಲ್ಲಿ ತಿದ್ದುತ್ತಾನೆ. ಮುಂದಿನ ಸಲ ಮತ ಅವನದು, ಏನು ಹಾಕುತ್ತಾನೆಂದು ಕೇಳಿದರೆ ಅವನೂ ಗುಪ್ತ ಮತದಾನ ಎನ್ನುತ್ತಾನೆ.